ಖಾತಾಮೀಮಾಂಸೆ, ಅರ್ಥಾತ್ ಸಮ್ಮಿಶ್ರ ಸರಕಾರದ ಬಾಲ್ಯಾವಸ್ಥಾ ವಿಚಾರ

ಖಾತೆಯೆಂಬ ಶಬ್ದಕ್ಕೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ರೂಢವಾಗಿರುವ ಅರ್ಥ ಒಂದೇ: ಅಪ್ಪ ತೀರಿಕೊಂಡ ಮೇಲೆ ಮಕ್ಕಳ ಹೆಸರು ಏರಬೇಕಾದ ಜಮೀನಿನ ದಾಖಲೆ. 2018ರ ಮೇ 23ರಂದು ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಕ್ಷಣದಿಂದ ಅದೇ ಶಬ್ದವು ಬೆಂಗಳೂರಿನಲ್ಲಿ ಅರ್ಥಾಂತರದಿಂದ ಹಗಲಿರುಳೂ ಉಚ್ಚರಿಸಲ್ಪಡತೊಡಗಿದ ಕಾರಣ, ಈ ಅರ್ಥದ್ವಯಕ್ಕೆ ಭೇದವೋ ಅಭೇದವೋ ಎಂಬ ಜಿಜ್ಞಾಸೆ ಪಂಡಿತರಲ್ಲಿ ಹುಟ್ಟಿದೆ. ಕಂದಾಯವು ಹಳಿಯಾಳದ ಶಾಸಕರಾದ ಆರ್.ವಿ. ದೇಶಪಾಂಡೆಯವರಿಗೇ ದೊರೆತು, ಖಾತೆಗಳ ಖಾತೆಯೇ ನಮ್ಮ ಸೀಮೆಗೆ ಬಂದುದರಿಂದ, ಈ ಶಾಸ್ತ್ರದಲ್ಲಿ ನಮಗಿರುವ ಅಧಿಕಾರವನ್ನು ಯಾರೂ ಅಲ್ಲಗಳೆಯಲಾರರು.

ಅಭೇದವೆಂಬುದೇ ನಮ್ಮ ಸಿದ್ಧಾಂತ. 104 ಸ್ಥಾನ ಗೆದ್ದು ಎರಡೇ ದಿನ ಮನೆಯಲ್ಲಿದ್ದ ಹಿರಿಯನನ್ನು ಹೊರಗಿಟ್ಟು, 78ರ ಮತ್ತು 37ರ ದಾಯಾದಿಗಳು ಜಂಟಿ ಖಾತೆ ಮಾಡಿಸಿಕೊಂಡು, ಕಿರಿಯನನ್ನೇ ಯಜಮಾನನನ್ನಾಗಿ ಕೂರಿಸಿದರು. ಜಂಟಿ ಖಾತೆಯಲ್ಲಿ ಉಳುಮೆಗಿಂತ ಹದ್ದುಬಸ್ತು ಮೊದಲು. ಆದ್ದರಿಂದಲೇ ಮುಂಗಾರು ಬಂದರೂ ಜೂನ್ 6ರವರೆಗೆ ಮಂತ್ರಿಮಂಡಲ ವಿಸ್ತಾರವಾಗಲಿಲ್ಲ. ಕೊನೆಗೆ ಜಲಸಂಪನ್ಮೂಲ ಕಾಂಗ್ರೆಸ್ಸಿಗೂ ಲೋಕೋಪಯೋಗಿ ಜನತಾದಳಕ್ಕೂ ಬಂದುದು, ಬಾವಿ ಅಣ್ಣನಿಗೆ, ಬಾವಿಗೆ ಹೋಗುವ ದಾರಿ ತಮ್ಮನಿಗೆ ಎಂದು ನಮ್ಮ ಪಂಚರು ಬರೆಯುವ ಹಿಸ್ಸೆಪತ್ರದ ಯಥಾನಕಲೇ ಸರಿ. ಸಮನ್ವಯ ಸಮಿತಿಗೆ ಹಿಂದಿನ ಯಜಮಾನರಾದ ಸಿದ್ದರಾಮಯ್ಯನವರೇ ಅಧ್ಯಕ್ಷರಾದರೆಂಬಲ್ಲಿಗೆ ಸಾದೃಶ್ಯ ಪರಿಪೂರ್ಣ.

ಇದಕ್ಕೆ ಪ್ರತ್ಯಕ್ಷ ಪ್ರಮಾಣವೂ ಉಂಟು. ನಮ್ಮ ಕಡೆಯ ಒಂದು ಕಚೇರಿಯ ಪಡಸಾಲೆಯಲ್ಲಿ, ಕಂಬಳಿಕೊಪ್ಪೆಯಿಂದ ಮಳೆನೀರು ಇಳಿಸುತ್ತ, ಪಹಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ಕುಳಿತಿದ್ದ ಮುದುಕನಿಗೆ ಪಕ್ಕದ ಹುಡುಗ ಪೇಪರು ಓದಿ ಹೇಳಿದ:

“ಅಜ್ಜಾ, ಬೆಂಗಳೂರಾಗ ಖಾತೆ ಹಂಚಿಕಿ ಆತಂತ.”

“ಎಷ್ಟ್ ದಿನಕ್ಕ?”

“ಹದಿನೈದ್ ದಿನಾ ಹಿಡೀತಂತ.”

“ಸರ್ವೇದಾಂವ ಯಾರಂತ ಕೇಳಪಾ,” ಎಂದ ಮುದುಕ, “ನಂದು ಎಂಟ್ ವರ್ಸ ಆತು.”

ಜುಲೈ 5ರ ಬಜೆಟ್ಟಿನಲ್ಲಿ 34,000 ಕೋಟಿ ರೂಪಾಯಿಯ ಬೆಳೆಸಾಲ ಮನ್ನಾ ಸಾರಿ, ಅದೇ ಉಸಿರಿನಲ್ಲಿ ಪೆಟ್ರೋಲಿಗೆ ಲೀಟರಿಗೆ 1 ರೂಪಾಯಿ 14 ಪೈಸೆ ಏರಿಸಿದುದನ್ನು ಅರ್ಥಶಾಸ್ತ್ರಜ್ಞರು ವಿವರಿಸಲಿ. ನಮಗೆ ಮುಖ್ಯವಾದುದು ಒಂಬತ್ತು ದಿನಗಳ ಬಳಿಕದ ಸನ್ಮಾನಸಭೆ. ಅಲ್ಲಿ ಮುಖ್ಯಮಂತ್ರಿಗಳು ತಮ್ಮನ್ನು ವಿಷಕಂಠನಿಗೆ ಹೋಲಿಸಿಕೊಂಡು ಕಣ್ಣೀರಿಟ್ಟರು. ರುದ್ರನ ಕಣ್ಣೀರು ರುದ್ರಾಕ್ಷಿಯಾಯಿತೆಂಬುದು ಪುರಾಣಪ್ರಸಿದ್ಧ. ಈ ಕಣ್ಣೀರು ಏನಾಯಿತೆಂಬುದು ಇನ್ನೂ ಸಂಶೋಧನೀಯ. ಅಕ್ಟೋಬರಿನಲ್ಲಿ ಬಹುಜನ ಸಮಾಜ ಪಕ್ಷದ ಏಕೈಕ ಸಚಿವ ಎನ್. ಮಹೇಶರು ಶಿಕ್ಷಣವನ್ನು ಬಿಟ್ಟು ಹೊರನಡೆದುದನ್ನು ನಾವು ಪೋಡಿಯ, ಅರ್ಥಾತ್ ಜಂಟಿ ಜಮೀನನ್ನು ಅಳೆದು ಪಾಲು ಬೇರೆ ಮಾಡುವ ಕ್ರಿಯೆಯ, ಪೂರ್ವರೂಪವೆಂದು ಗಣಿಸಿದ್ದೇವೆ.

ಪೂರ್ಣರೂಪವು 2019ರ ಜುಲೈ 23ರಂದು 99ಕ್ಕೆ 105ರಂತೆ ಸದನದ ವಿಶ್ವಾಸಮತದಲ್ಲಿ ಗೋಚರಿಸಿತು. ಅದಕ್ಕೆ ಮೊದಲೇ ರಾಜೀನಾಮೆಯಿತ್ತವರಲ್ಲಿ ಮುಂಡಗೋಡವನ್ನೊಳಗೊಂಡ ಯಲ್ಲಾಪುರ ಕ್ಷೇತ್ರದ ಶಿವರಾಮ ಹೆಬ್ಬಾರರೂ ಒಬ್ಬರಾಗಿದ್ದು, ಅನರ್ಹರೆನಿಸಿ, ಉಪಚುನಾವಣೆಯಲ್ಲಿ ಬೇರೆ ಪಕ್ಷದಿಂದ ಗೆದ್ದು, 2020ರ ಫೆಬ್ರುವರಿಯಲ್ಲಿ ಕಾರ್ಮಿಕ ಖಾತೆ ಪಡೆದರು. ಪೋಡಿಯಾಗದೆ ಖಾತೆಯಿಲ್ಲವೆಂದು ಆ ಕಚೇರಿಯವರು ಮುದುಕನಿಗೆ ಹೇಳುತ್ತಲೇ ಇದ್ದರು.