ವೈಟ್‌ಫೀಲ್ಡಿಗೆ ತಕ್ಕ ಡಿಂಗಿ

ಹಾಯಿ ಹಡಗು ಕೊಳ್ಳಲು ದುಡ್ಡಿದ್ದರೆ ಸಾಕು, ಅದಕ್ಕೊಂದು ಡಿಂಗಿ ಆರಿಸಲು ಬುದ್ಧಿಯೂ ಬೇಕು. ಕಡಲಿನಿಂದ ಒಂಬೈನೂರು ಮೀಟರಿನಷ್ಟು ಎತ್ತರದಲ್ಲಿ, ಮಂಗಳೂರು ಬಂದರಿಗೆ ಮುನ್ನೂರೈವತ್ತು ಕಿಲೋಮೀಟರ್ ಆಚೆ, ಕಾಡುಗೋಡಿ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ ಕೂತು ಹೇಳುವ ಮಾತಲ್ಲ ಇದು ಎಂಬುದು ನನಗೂ ಗೊತ್ತು. ನನ್ನಲ್ಲಿ ಹಡಗಿಲ್ಲ. ಮುಂದೆ ಬರುವ ಲಕ್ಷಣವೂ ಪಾಸ್‌ಬುಕ್ಕಿನಲ್ಲಿ ಕಾಣುತ್ತಿಲ್ಲ. ಆದರೂ ಡಿಂಗಿಯ ವಿಚಾರದಲ್ಲಿ ನನ್ನ ಅಭಿಪ್ರಾಯಗಳು ಬಹಳ ಖಚಿತ. ಬ್ಯಾಟು ಹಿಡಿಯದವರಿಗೆ ಕ್ರಿಕೆಟ್ಟಿನ ಬಗ್ಗೆ ಇರುತ್ತವಲ್ಲ, ಹಾಗೆ. ದೊಡ್ಡ ಹಡಗು ದಡಕ್ಕೆ ಬರಲಾರದು. ಆಳ ಇರುವ ಕಡೆ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಸೊಪ್ಪು, ಹಾಲು, ಗ್ಯಾಸ್ ಸಿಲಿಂಡರು, ಜ್ವರ ಬಂದವರು, ಮುನಿಸಿಕೊಂಡವರು ಎಲ್ಲರೂ ಎಲ್ಲವೂ ಓಡಾಡುವುದು ಡಿಂಗಿ ಎಂಬ ಎಂಟಡಿಯ ಪುಟ್ಟ ದೋಣಿಯಲ್ಲಿ. ಹಡಗು ಸಾಗರವನ್ನೇ ದಾಟಿ ಬಂದಿರಲಿ, ಅದರ ಯೋಗ್ಯತೆ ತೀರ್ಮಾನವಾಗುವುದು ಕೊನೆಯ ಇನ್ನೂರು ಮೀಟರಿನಲ್ಲಿ. ವೈಟ್‌ಫೀಲ್ಡಿನ ಸಂಸಾರಗಳ ಸ್ಥಿತಿಯೂ ಇದೇ ಎಂಬುದು ನನ್ನ ವಾದ. ಕೋಟಿ ಸುರಿದು ಕೊಂಡ ಫ್ಲಾಟು ಭದ್ರವಾಗಿ ಲಂಗರು ಹಾಕಿ ನಿಂತಿದೆ, ಅಲ್ಲಿಂದ ದಡ ಮುಟ್ಟಿಸುವ ದೋಣಿ ಮಾತ್ರ ಇಲ್ಲ. ಆ ದೋಣಿ ಯಾವುದಿರಬೇಕು ಎಂಬುದಕ್ಕೂ ನನ್ನಲ್ಲಿ ಉತ್ತರವಿದೆ: ಹರಿಗೋಲು.

ಇಲ್ಲಿ ನೀರೆಲ್ಲಿದೆ ಸ್ವಾಮಿ ಎಂಬುದು ಮೊದಲ ಆಕ್ಷೇಪ. ಹೀಗೆ ಕೇಳುವವರು 2022ರ ಸೆಪ್ಟೆಂಬರ್‌ನಲ್ಲಿ ಊರಲ್ಲಿರಲಿಲ್ಲ ಅಂತ ಕಾಣುತ್ತದೆ. ಆ ತಿಂಗಳ 4ರ ರಾತ್ರಿ ಹಿಡಿದ ಮಳೆ ಬೆಳಗಾಗುವಷ್ಟರಲ್ಲಿ 131.6 ಮಿಲಿಮೀಟರ್ ದಾಖಲಾಯಿತು. ಹೊರವರ್ತುಲ ರಸ್ತೆ ಹೊಳೆಯಾಯಿತು, ಮಾರತಹಳ್ಳಿ ಕಡೆ ಬೈಕುಗಳು ತೇಲಿದವು, ಯಮಲೂರಿನ ವಿಲ್ಲಾಗಳ ಮುಂದೆ ಹೆಸರು ಹೇಳಲೂ ತಡವರಿಸುವಂಥ ದುಬಾರಿ ಕಾರುಗಳು ಕಿಟಕಿಮಟ್ಟ ನೀರಲ್ಲಿ ಸುಮ್ಮನೆ ನಿಂತವು. ಅಗ್ನಿಶಾಮಕ ದಳದವರು, ಎನ್‌ಡಿಆರ್‌ಎಫ್‌ನವರು ರಬ್ಬರ್ ದೋಣಿ ತಂದರು. ಭೂಗೋಳವೂ ನನ್ನ ಪರವಾಗಿಯೇ ಇದೆ. ಬೆಳ್ಳಂದೂರು ಕೆರೆ ತುಂಬಿದರೆ ನೀರು ವರ್ತೂರು ಕೆರೆಗೆ, ವರ್ತೂರು ಕೋಡಿ ಬಿದ್ದರೆ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಹೊಸೂರು, ಕೃಷ್ಣಗಿರಿ ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ. ಅಂದರೆ ವೈಟ್‌ಫೀಲ್ಡ್ ಸಮುದ್ರತೀರವೇ. ನಡುವೆ ಕೆಲವು ಅಣೆಕಟ್ಟು ಅಡ್ಡ ಬರುತ್ತವೆ ಅಷ್ಟೆ, ಅಲ್ಲಿ ದೋಣಿ ಹೊತ್ತು ಇಳಿಸಿಕೊಳ್ಳಬೇಕು. ಹೂಡಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಶೀಲವಂತನ ಕೆರೆ ಹೀಗೆ ಈ ಸೀಮೆಯ ತುಂಬ ಕೆರೆಗಳು. ಮೇಲಿನ ಕೆರೆ ತುಂಬಿದರೆ ನೀರು ಕೆಳಗಿನದಕ್ಕೆ ಹರಿಯಲಿ ಎಂದು ಹಿಂದಿನವರು ಕಾಲುವೆ ತೆಗೆದಿದ್ದರು. ಆಮೇಲೆ ಬಂದವರು ರಾಜಕಾಲುವೆಯ ಮೇಲೆ ಕಾಂಪೌಂಡು ಎಬ್ಬಿಸಿ, ಕೆರೆಯಂಗಳಕ್ಕೆ ಮಣ್ಣು ಹೊಡೆಸಿ, ಬ್ರೋಷರಿನಲ್ಲಿ ‘ಲೇಕ್ ವ್ಯೂ’ ಎಂದು ಅಚ್ಚು ಹಾಕಿಸಿದರು. ಕೊಟ್ಟ ಮಾತಿಗೆ ತಪ್ಪಬಾರದೆಂದು ಕೆರೆಯೇ ಎದ್ದು ಹಾಲಿನೊಳಗೆ ಬಂದು ಕೂತಿತು.

ನೀರಿದೆ ಎಂದಾಯಿತು. ಇನ್ನು ಯಾವ ದೋಣಿ? ಕಡಲಲ್ಲಿ ತಿರುಗುವವರಲ್ಲಿ ಈ ವಿಚಾರಕ್ಕೆ ಎರಡು ಪಂಗಡ. ಫೈಬರಿನದೋ ಮರದ್ದೋ ಗಟ್ಟಿ ದೋಣಿ ಬೇಕೆನ್ನುವವರು ಒಂದು ಕಡೆ, ಗಾಳಿ ತುಂಬುವ ರಬ್ಬರಿನದು ಸಾಕೆನ್ನುವವರು ಇನ್ನೊಂದು ಕಡೆ. ಗಟ್ಟಿ ದೋಣಿ ಹುಟ್ಟು ಹಾಕಿದರೆ ಹೇಳಿದ ಮಾತು ಕೇಳುತ್ತದೆ, ಬಂಡೆಗೆ ಉಜ್ಜಿದರೂ ಗೀರು ಬೀಳುತ್ತದೆಯೇ ಹೊರತು ಪ್ರಾಣ ಬಿಡುವುದಿಲ್ಲ. ಹಡಗಿನ ಮೇಲೆ ಅದಕ್ಕೆ ಜಾಗ ಹೊಂದಿಸುವುದೇ ಕಷ್ಟ. ರಬ್ಬರಿನದು ಮಡಚಿ ಮೂಲೆಗೆ ಇಡಬಹುದು, ಹೊಯ್ದಾಡದೆ ಭಾರ ಹೊರುತ್ತದೆ. ಹುಟ್ಟು ಹಾಕಿದರೆ ಮಾತ್ರ ಎದುರುಗಾಳಿಗೆ ಹಿಂದಕ್ಕೇ ಹೋಗುತ್ತದೆ, ಹಾಗಾಗಿ ಮೋಟರು ಬೇಕು, ಮೋಟರಿಗೆ ಪೆಟ್ರೋಲು ಬೇಕು. ಅದರಲ್ಲೂ ಅಗ್ಗದ ಪಿವಿಸಿ ಬಿಸಿಲಿಗೆ ಕೆಲವೇ ವರ್ಷದಲ್ಲಿ ಅಂಟಂಟಾಗುತ್ತದೆ, ಬಾಳಿಕೆ ಬರುವ ಹೈಪಲಾನ್‌ಗೆ ಬೆಲೆ ಜಾಸ್ತಿ. ಈ ಜಗಳವನ್ನು ಜಾಣತನದಿಂದ ಬಗೆಹರಿಸಿಕೊಂಡವನು ಜೋಶುವಾ ಸ್ಲೋಕಮ್. 1895ರಲ್ಲಿ ಒಬ್ಬನೇ ಭೂಮಿ ಸುತ್ತಲು ಹೊರಟ ಈ ಪುಣ್ಯಾತ್ಮನಿಗೆ ಈಜು ಬಾರದು. ಅವನ ‘ಸ್ಪ್ರೇ’ ಹಡಗಿನ ಮೇಲೆ ಇಡೀ ದೋಣಿ ಹಿಡಿಸದು. ಯಾರೋ ಬಿಟ್ಟುಹೋದ ಹಳೆಯ ದೋಣಿಯನ್ನು ಗರಗಸದಿಂದ ಅಡ್ಡಡ್ಡ ಕೊಯ್ದು, ಕೊಯ್ದ ಬಾಯಿಗೆ ಹಲಗೆ ಬಡಿದು, ಅರ್ಧ ದೋಣಿಯನ್ನೇ ಡಿಂಗಿ ಮಾಡಿಕೊಂಡ. ಬಟ್ಟೆ ಒಗೆಯಲೂ ಸ್ನಾನಕ್ಕೂ ಅದನ್ನೇ ತೊಟ್ಟಿಯಾಗಿ ಎಣಿಸಿದ್ದ.

ವೈಟ್‌ಫೀಲ್ಡಿನಲ್ಲಿ ಗಟ್ಟಿ ದೋಣಿಯ ಪಕ್ಷ ಹಿಡಿಯುವವರು ಮೊದಲು ಲಿಫ್ಟಿಗೆ ಉತ್ತರ ಕೊಡಬೇಕು. ಕೆಳಗೆಲ್ಲ ಪಾರ್ಕಿಂಗ್ ಹಂಚಿಕೆಯಾಗಿ ಮುಗಿದಿರುವುದರಿಂದ ದೋಣಿಯನ್ನು ಮನೆಯ ಬಾಲ್ಕನಿಗೇ ಒಯ್ಯಬೇಕಲ್ಲ. ಲಿಫ್ಟಿನೊಳಗಿನ ಸ್ಟೀಲು ಫಲಕದಲ್ಲಿ ‘13 ಮಂದಿ, 884 ಕಿಲೋ’ ಎಂದಿರುತ್ತದೆ. ತೂಕದ ತಕರಾರಿಲ್ಲ, ಎಂಟಡಿ ಡಿಂಗಿ ಆ ಹದಿಮೂರು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು ತೂಗುವುದಿಲ್ಲ. ತಕರಾರು ಅಳತೆಯದ್ದು. ಅಂಥ ಲಿಫ್ಟಿನ ಅಗಲ ಸುಮಾರು 200 ಸೆಂಟಿಮೀಟರ್, ಆಳ 110, ಬಾಗಿಲು 90. ಡಿಂಗಿಯ ಉದ್ದ 244, ಅಗಲ 122, ಎತ್ತರ 50. ಮಲಗಿಸಿ ಒಯ್ದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಮಗ್ಗುಲಾಗಿ ಒಯ್ದರೆ ಬಾಗಿಲು ದಾಟುತ್ತದೆ, ಆದರೆ ಮೂತಿ ಲಿಫ್ಟಿನ ಕನ್ನಡಿಗೆ ಮುಟ್ಟಿದ ಮೇಲೂ ಅರ್ಧಕ್ಕಿಂತ ಹೆಚ್ಚು ದೋಣಿ ಕಾರಿಡಾರಿನಲ್ಲೇ ಇರುತ್ತದೆ. ಬಾಗಿಲು ಮುಚ್ಚಲು ಬರುತ್ತದೆ, ದೋಣಿಗೆ ತಾಗುತ್ತದೆ, ನಾಚಿ ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಆರನೇ ಮಹಡಿಯಲ್ಲಿ ನಾಯಿಯೊಂದಿಗೆ ಕಾಯುತ್ತಿರುವವರು ಗುಂಡಿ ಒತ್ತುತ್ತಲೇ ಇರುತ್ತಾರೆ. ನೆಟ್ಟಗೆ ನಿಲ್ಲಿಸಿದರೆ ಚಾವಣಿಗೆ ತಾಗುತ್ತದೆ. ಓರೆಯಾಗಿ ಇಡೋಣವೆಂದರೆ, ಸೋಫಾ ಸಾಗಿಸುವ ಪ್ಯಾಕರ್ಸ್‌ ಹುಡುಗರು ಮಾಡುವಂತೆ ಕೆಳಗಿನ ತುದಿಯನ್ನು ಎಡಮೂಲೆಗೂ ಮೇಲಿನ ತುದಿಯನ್ನು ಬಲಗಡೆಯ ಫ್ಯಾನಿಗೂ ಗುರಿಯಿಟ್ಟು ತಿರುಗಿಸಿದರೆ, ಉದ್ದವೇನೋ ಹಿಡಿಸೀತು, ಅಗಲ ಹನ್ನೆರಡು ಸೆಂಟಿಮೀಟರ್ ಹೊರಗುಳಿಯುತ್ತದೆ. ಹನ್ನೆರಡು ಸೆಂಟಿಮೀಟರ್ ದೋಣಿ ಹೊರಗಿದ್ದರೆ ಇಡೀ ದೋಣಿ ಹೊರಗಿದ್ದಂತೆಯೇ. ಸರಿ, ಸ್ಲೋಕಮ್‌ನ ಗರಗಸ ತೆಗೆಯೋಣ. ನಡುವೆ ಕೊಯ್ದರೆ ಉದ್ದ 122 ಆಗುತ್ತದೆ, ಲಿಫ್ಟಿನ ಆಳ 110. ಮತ್ತೆ ಅದೇ ಹನ್ನೆರಡು ಸೆಂಟಿಮೀಟರ್! ಆದರೆ ಅರ್ಧ ದೋಣಿಗೆ ವಿನಯವಿದೆ, ಒಳಗೆ ಬಂದ ಮೇಲೆ ಪಕ್ಕಕ್ಕೆ ಹೊರಳಿ ಜಾಗ ಕೊಡುತ್ತದೆ, ಬಾಗಿಲು ಮುಚ್ಚುತ್ತದೆ. ಉಳಿದರ್ಧವನ್ನು ಏನು ಮಾಡುವುದು? ಎದುರು ಮನೆಯವರಿಗೆ ಕೊಡಬಹುದು. ಅವರು ಮುಂದಿನ ಅರ್ಧ ಬೇಕೆಂದು ಹಟ ಹಿಡಿಯುತ್ತಾರೆ, ವಾಸ್ತು ನೋಡಿದರೆ ಮೂತಿ ಈಶಾನ್ಯಕ್ಕಿರಬೇಕಂತೆ. ಗಟ್ಟಿ ದೋಣಿಯ ವಿಚಾರ ಇಲ್ಲಿಗೆ ಸಾಕು.

ರಬ್ಬರ್ ದೋಣಿ ಚೀಲದಲ್ಲಿ ಮಡಚಿಕೊಂಡು ಲಿಫ್ಟಿನಲ್ಲಿ ಮರ್ಯಾದೆಯಿಂದ ಬರುತ್ತದೆ, ಒಪ್ಪಿದೆ. ಎನ್‌ಡಿಆರ್‌ಎಫ್‌ನವರೇ ಅದನ್ನು ಬಳಸುತ್ತಾರಲ್ಲ ಎಂದರೆ, ಅವರ ದೋಣಿಗೆ ಗಾಳಿಯ ಕೋಣೆಗಳು ಹಲವು, ಒಂದು ಹೋದರೆ ಇನ್ನೊಂದು ಹಿಡಿಯುತ್ತದೆ. ಜೊತೆಗೆ ತರಬೇತಿ ಪಡೆದ ತೋಳುಗಳಿವೆ. ನಾವು ಕೊಳ್ಳುವುದು ರಿಯಾಯಿತಿ ದರದ್ದು. ವೈಟ್‌ಫೀಲ್ಡಿನ ನೆರೆನೀರಿನ ತಳದಲ್ಲಿ ಮರಳಿಲ್ಲ. ಕಾಮಗಾರಿಯವರು ಬಿಟ್ಟುಹೋದ ಕಬ್ಬಿಣದ ಸರಳು, ಬಾಯಿಬಿಟ್ಟ ಮೋರಿ ಚಪ್ಪಡಿ, ಮಗುಚಿದ ಬ್ಯಾರಿಕೇಡು, ಒಡೆದ ಟೈಲ್ಸ್ ಇವೆ. ಒಂದು ಸರಳು ಸಾಕು, ದೋಣಿ ಉಸ್ಸೆಂದು ಕೂತುಬಿಡುತ್ತದೆ.

ಹರಿಗೋಲಿಗೆ ಈ ಭಯವಿಲ್ಲ. ಬಿದಿರಿನ ದೊಡ್ಡ ಬುಟ್ಟಿ. ಹೊರಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ. ತೂತಾದರೆ ಅದೇ ಡಾಂಬರಿನ ಒಂದು ಮುದ್ದೆ ಸಾಕು. ನಮ್ಮ ರಸ್ತೆಗಳಿಗೆ ಸಿಗದ ಡಾಂಬರು ದೋಣಿಗಾದರೂ ಸಿಗಲಿ. ಗೇಣುದ್ದ ನೀರಿದ್ದರೂ ತೇಲುತ್ತದೆ. ದೋಣಿ ಚಿಕ್ಕದಾದರೆ ಕಾವೇರಿ ತೀರದ ಮೀನುಗಾರರು ಬೋರಲು ಮಾಡಿ ಬೆನ್ನ ಮೇಲೆ ಹೊತ್ತು ನಡೆಯುತ್ತಾರೆ. ಇದೂ ಲಿಫ್ಟಿನಲ್ಲಿ ಹಿಡಿಸುವುದಿಲ್ಲ ನಿಜ, ಆದರೆ ಹಿಡಿಸಬೇಕಾದ್ದೇ ಇಲ್ಲ: ಬಿಸಿಲು ಮಳೆಗೆ ಅಂಜದ ವಸ್ತು, ಸೆಕ್ಯೂರಿಟಿ ಗೂಡಿನ ಪಕ್ಕ ಬೋರಲು ಹಾಕಿದರೆ ಆಯಿತು, ಕದಿಯುವವರೂ ಇಲ್ಲ. ಅದು ಗರಗರ ಸುತ್ತುತ್ತದಲ್ಲ, ನೆಟ್ಟಗೆ ಹೋಗುವುದಿಲ್ಲವಲ್ಲ ಎಂಬ ದೂರು ಹೊಸದೇನಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇದನ್ನೇ ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತದೆ ಎಂದೂ ಅವನೇ ಹೇಳಿದ್ದಾನೆ; ದೂರುವವರು ಆ ಭಾಗ ಓದುವುದಿಲ್ಲ. ಪಳಗಿದ ಅಂಬಿಗನ ಕೈಯಲ್ಲಿ ಹರಿಗೋಲು ನೆಟ್ಟಗೇ ಹೋಗುತ್ತದೆ. ಪಳಗದ ನಮ್ಮ ಕೈಯಲ್ಲಿ ಸುತ್ತುತ್ತದೆ, ಸುತ್ತಲಿ. ಹೋಪ್ ಫಾರ್ಮ್ ಸರ್ಕಲ್ಲಿನಿಂದ ಐಟಿಪಿಎಲ್‌ಗೆ ಒಣ ದಿನದಲ್ಲಿ ನೆಟ್ಟಗೆ ಹೋದವರು ಯಾರಿದ್ದಾರೆ? ಯು ಟರ್ನು, ಒನ್ ವೇ, ಡೈವರ್ಷನ್ನು ಎಲ್ಲ ಸೇರಿಸಿದರೆ ಆಟೊದವರ ದಾರಿಗಿಂತ ಹರಿಗೋಲಿನದೇ ಹತ್ತಿರ. ಸಾಲದ್ದಕ್ಕೆ ಒಂದು ಸುತ್ತಿಗೆ ನಾಲ್ಕೂ ದಿಕ್ಕಿನ ಲೇಕ್ ವ್ಯೂ, ಹೆಚ್ಚುವರಿ ಶುಲ್ಕವಿಲ್ಲ.

ಟ್ರ್ಯಾಕ್ಟರ್ ಇದೆಯಲ್ಲ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. 2022ರಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಜನರನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರ್ಯಾಕ್ಟರೇ, ತಲೆಗೆ ಐವತ್ತು ರೂಪಾಯಿಯಂತೆ. ಎತ್ತರದ ಚಕ್ರ, ಎತ್ತರದ ಎಂಜಿನ್ನು, ಡ್ರೈವರಿಗೆ ಹಳ್ಳಕೊಳ್ಳದ ಲೆಕ್ಕ ಗೊತ್ತು. ಆದರೆ ಟ್ರ್ಯಾಕ್ಟರ್ ಇರುವುದು ಹೊಲ ಇರುವಲ್ಲಿ. ಸುತ್ತಲಿನ ರಾಗಿ ಹೊಲ, ತರಕಾರಿ ತೋಟಗಳೆಲ್ಲ ಲೇಔಟಾದ ಮೇಲೆ ಉಳಿದ ಟ್ರ್ಯಾಕ್ಟರುಗಳು ನೀರಿನ ಟ್ಯಾಂಕರ್ ಎಳೆಯುತ್ತಿವೆ. ಇನ್ನಷ್ಟು ವರ್ಷ ಕಳೆದರೆ ನಮ್ಮನ್ನು ಎತ್ತಿ ದಾಟಿಸಲು ರೈತರು ಯಾರೂ ಇಲ್ಲಿರುವುದಿಲ್ಲ. ಟ್ರ್ಯಾಕ್ಟರ್ ಏರಿದ ಟೈಗಳ ಫೋಟೊ ದೇಶವೆಲ್ಲ ನೋಡಿ ನಕ್ಕಿತು. ಅದೇ ನೀರು ಪಕ್ಕದ ತಗಡಿನ ಶೆಡ್ಡುಗಳಿಗೂ ನುಗ್ಗಿತ್ತು. ಆ ವಿಲ್ಲಾಗಳಲ್ಲೇ ಪಾತ್ರೆ ತೊಳೆಯುವವರು, ಅವನ್ನು ಕಟ್ಟಲು ಇಟ್ಟಿಗೆ ಹೊತ್ತವರು ಇದ್ದ ಶೆಡ್ಡುಗಳು. ಅವರಿಗೆ ಐವತ್ತು ರೂಪಾಯಿ ದೊಡ್ಡದು, ಅವರು ಗಂಟುಮೂಟೆ ತಲೆಯ ಮೇಲಿಟ್ಟುಕೊಂಡು ನಡೆದರು. ಆ ಫೋಟೊ ಅಷ್ಟಾಗಿ ಓಡಾಡಲಿಲ್ಲ. ಕಡಲಿನವರಿಗೆ ಡಿಂಗಿ ಷೋಕಿಯ ವಸ್ತುವಲ್ಲ. 2020ರ ಕೊನೆಯಲ್ಲಿ ಮಂಗಳೂರಿನ ಪರ್ಸೀನ್ ಬೋಟೊಂದು ಮಗುಚಿ ಆರು ಮಂದಿ ಮೀನುಗಾರರು ತೀರಿಕೊಂಡರು. ಬದುಕಿ ಬಂದವರು ಡಿಂಗಿಯಲ್ಲಿ ದಡ ಸೇರಿದರು. ಹಾಗಾಗಿ ಅಪಾರ್ಟ್‌ಮೆಂಟಿನ ಹರಿಗೋಲು ಗೇಟಿನೊಳಗಿನವರಿಗೆ ಮಾತ್ರ ಎಂದು ಯಾರಾದರೂ ಬೋರ್ಡು ಬರೆಸಿದರೆ, ಇಷ್ಟು ಹೊತ್ತಿನ ನನ್ನ ವಾದವನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ.

ಉಳಿದದ್ದು ಖರ್ಚಿನ ಮಾತು: ಎರಡು ದಿನದ ನೆರೆಗೆ ವರ್ಷವಿಡೀ ದೋಣಿ ಸಾಕುವುದೇ? ಇಲ್ಲಿ ಸ್ಲೋಕಮ್‌ನ ತೊಟ್ಟಿ ಮತ್ತೆ ಕೆಲಸಕ್ಕೆ ಬರುತ್ತದೆ. ನೆರೆ ಬಂದು ಎರಡು ವರ್ಷ ತುಂಬುವ ಮೊದಲೇ, 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ತೇಲಿದ ಬಡಾವಣೆಗಳೇ ಟ್ಯಾಂಕರಿಗೆ ಸಾಲು ನಿಂತವು. ಹೊರಗಿನ ನೀರನ್ನು ಒಳಗೆ ಬಿಡದ ಪಾತ್ರೆ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಎರಡು ಮೀಟರ್ ಅಗಲದ ಹರಿಗೋಲಿನಲ್ಲಿ ಸಾವಿರ ಲೀಟರಿನಷ್ಟು ಹಿಡಿಸೀತು. ಬಿದಿರಿನ ಮೇಲೆ ಭಾರ ಹಾಕುವುದು ಬೇಡವೆಂದರೆ ಅರ್ಧ ತುಂಬಿಸಿ. ಮಳೆಗಾಲದಲ್ಲಿ ದೋಣಿ, ಬೇಸಿಗೆಯಲ್ಲಿ ತೊಟ್ಟಿ. ಈ ಊರಿನಲ್ಲಿ ವರ್ಷವಿಡೀ ಉಪಯೋಗಕ್ಕೆ ಬರುವ ವಾಹನ ಇದೊಂದೇ. ಅಸೋಸಿಯೇಷನ್ನಿನ ಮುಂದಿನ ಸಭೆಯ ಅಜೆಂಡಾದಲ್ಲಿ ಜಿಮ್ಮಿನ ಹೊಸ ಟ್ರೆಡ್‌ಮಿಲ್ಲಿಗಿಂತ ಮೇಲೆ ಇದನ್ನು ಬರೆಸಿ. ಹುಟ್ಟು ಎರಡು ತರಿಸಿ, ಒಂದು ಖಂಡಿತ ಕಳೆದುಹೋಗುತ್ತದೆ.