ಷಡ್ಡಕನ ತಂಗಾಳಿ

ಷಡ್ಡಕನನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಹೆಣ್ಣು ನೋಡಲು ಹೋದ ದಿನ ಬಾಗಿಲ ಸಂದಿಯಿಂದ ಇಣುಕುತ್ತಿದ್ದ ತಂಗಿಯೊಬ್ಬಳಿರುತ್ತಾಳಲ್ಲ, ಆಕೆ ಮುಂದೆ ಯಾರನ್ನು ಮದುವೆಯಾಗುತ್ತಾಳೋ ಆತ ಜೀವನಪರ್ಯಂತ ನಿಮಗೆ ಗಂಟು. ನನಗೆ ಗಂಟು ಬಿದ್ದವನು ಡಲ್ಲಾಸಿನ ಉತ್ತರಕ್ಕೆ, ಪ್ಲೇನೋ ಊರಿನಲ್ಲಿ, ನಮ್ಮ ಮನೆಯಿಂದ ಆರು ಮೈಲಿ ದೂರದಲ್ಲಿದ್ದಾನೆ. ಒಳ್ಳೆಯ ಮನುಷ್ಯ. ಕಷ್ಟ ಅಂದರೆ ರಾತ್ರಿ ಎರಡು ಗಂಟೆಗೂ ಬರುವವನು. ಆದರೆ ಅವನ ಮನೆಗೆ ಹೋದರೆ ಕಾಲು ತೊಳೆಯುವುದಕ್ಕೂ ಮೊದಲೇ, "ಭಾವ, ಒಂದ್ನಿಮಿಷ ಹೊರಗೆ ಬನ್ನಿ" ಎಂದು ಕರೆದೊಯ್ದು ಬಾನೆಟ್ ಎತ್ತುತ್ತಾನೆ.

ಟೆಕ್ಸಾಸಿಗೆ ಬಂದ ನಮ್ಮವರಲ್ಲಿ ಇದೊಂದು ತಳಿ. ಮೊದಲ ಹತ್ತು ವರ್ಷ ಹಳೆಯ ಜಪಾನಿ ಸೆಡಾನ್‌ನಲ್ಲಿ ಹಲ್ಲು ಕಚ್ಚಿ ಓಡಾಡುತ್ತಾರೆ. ಗ್ರೀನ್ ಕಾರ್ಡ್ ಕೈಗೆ ಬಂದದ್ದೇ ತಡ, ಪಿಕಪ್ ಬರುತ್ತದೆ. ಫೋರ್ಡ್ ಎಫ್ ಸರಣಿ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಎಂಬ ಮಾತನ್ನು ನನ್ನ ಷಡ್ಡಕ ಗೋತ್ರ ಪ್ರವರದಂತೆ ಒಪ್ಪಿಸುತ್ತಾನೆ. ಅವನದು 2016ರ ಎಫ್-150, ಎಂಟು ಸಿಲಿಂಡರ್, 5 ಲೀಟರ್, 385 ಕುದುರೆಗಳ ಬಲ. ಆ ಕುದುರೆಗಳೆಲ್ಲ ಸೇರಿ ಎಳೆದು ತರುವುದು ಎರಡು ಮೂಟೆ ಸೋನಾ ಮಸೂರಿ, ಒಂದು ಕಟ್ಟು ಕರಿಬೇವು. ವರ್ಷಕ್ಕೊಮ್ಮೆ ಕನ್ನಡ ಸಂಘದ ಗಣಪತಿಯನ್ನು ಹಿಂದೆ ಕೂರಿಸಿಕೊಂಡು ಬಂದಾಗ ಮಾತ್ರ ಆ ಗಾಡಿಗೆ ಜನ್ಮ ಸಾರ್ಥಕ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಅವನಿಗೆ ಕೋಲ್ಡ್ ಏರ್ ಇನ್‌ಟೇಕ್ ಎಂಬ ಗಾಳಿ ಹಿಡಿಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಜಿನ್ನಿಗೂ ನಮ್ಮ ಹಾಗೆ ಮೂಗು ಬೇಕು. ಕಂಪನಿಯವರು ಕೊಟ್ಟ ಮೂಗು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಾಗದದ ಫಿಲ್ಟರ್, ಅಲ್ಲಿಂದ ಒಂದು ಕೊಳವೆ. ಅದನ್ನು ಕಿತ್ತೆಸೆದು ಅಗಲವಾದ ನುಣುಪು ಕೊಳವೆಯನ್ನೂ ಶಂಕುವಿನಾಕಾರದ ಕೆಂಪು ಹತ್ತಿ ಫಿಲ್ಟರನ್ನೂ ಕೂರಿಸಿದರೆ ಅದೇ ಕೋಲ್ಡ್ ಏರ್ ಇನ್‌ಟೇಕ್. ಮುನ್ನೂರರಿಂದ ನಾನೂರು ಡಾಲರ್. ಹತ್ತು ಕುದುರೆ ಹೆಚ್ಚುತ್ತದೆಂದು ಡಬ್ಬದ ಮೇಲೆ ಅಚ್ಚು ಹಾಕಿರುತ್ತಾರೆ.

ಸಿದ್ಧಾಂತ ಸುಳ್ಳಲ್ಲ. ತಣ್ಣಗಿನ ಗಾಳಿ ದಟ್ಟ. 40 ಡಿಗ್ರಿಯ ಗಾಳಿಯನ್ನು 30 ಡಿಗ್ರಿಗೆ ಇಳಿಸಿದರೆ ಅಷ್ಟೇ ಜಾಗದಲ್ಲಿ ಶೇಕಡಾ 3ರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ. ಆಮ್ಲಜನಕ ಹೆಚ್ಚಾದಷ್ಟು ಪೆಟ್ರೋಲು ಹೆಚ್ಚು ಉರಿಯುತ್ತದೆ, ಶಕ್ತಿ ಹೆಚ್ಚುತ್ತದೆ. ಆದರೆ ಇಳಿಸುವವರಾರು? ಆ ಕೊಳವೆಯಲ್ಲಿ ಫ್ರಿಜ್ ಇಲ್ಲ. ಹೊರಗಿನ ಗಾಳಿ ಎಷ್ಟು ಬಿಸಿಯೋ ಅದಕ್ಕಿಂತ ತಂಪು ಬರಲು ಸಾಧ್ಯವಿಲ್ಲ. ಬಾನೆಟ್ಟಿನ ಕೆಳಗಿನ ಕುದಿಗಾಳಿ ಬೇಡ, ಹೊರಗಿನದು ಬೇಕು ಅನ್ನುವುದಷ್ಟೇ ತಾತ್ಪರ್ಯ. ಆ ಹೊರಗಿನ ಗಾಳಿಯನ್ನು ಕಂಪನಿಯ ಕಪ್ಪು ಡಬ್ಬಿಯೂ ಗ್ರಿಲ್ಲಿನ ಕಡೆಯಿಂದ ಎಳೆದುಕೊಳ್ಳುತ್ತಲೇ ಇತ್ತು.

ಇದನ್ನು ಹೇಳಿದೆ. "ಭಾವ, ಅವರು ಖರ್ಚು ಉಳಿಸೋಕೆ ಹಾಗೆ ಮಾಡಿರ್ತಾರೆ" ಅಂದ. ಸಾವಿರಾರು ಎಂಜಿನಿಯರುಗಳು ಗಾಳಿ ಸುರಂಗದಲ್ಲಿ ಕೂತು ಮಾಡಿದ್ದನ್ನು, ಬ್ಯಾಂಕಿನ ಡೇಟಾಬೇಸ್ ನೋಡಿಕೊಳ್ಳುವ ನನ್ನ ಷಡ್ಡಕ ಒಂದೇ ವಾಕ್ಯದಲ್ಲಿ ತಳ್ಳಿಹಾಕಿದ.

ಕೂರಿಸಿದ್ದು ಆಗಸ್ಟ್ ತಿಂಗಳ ಒಂದು ಶನಿವಾರ. ಪ್ಲೇನೋದಲ್ಲಿ ಅಂದು 104 ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿ. ತಂಗಾಳಿ ಯೋಜನೆಗೆ ಪ್ರಶಸ್ತ ದಿನ. ಮುಕ್ಕಾಲು ಗಂಟೆಯ ಕೆಲಸ ಎಂದು ಸೂಚನಾ ಪುಸ್ತಕ ಹೇಳುತ್ತಿತ್ತು. ನಾನು ಟಾರ್ಚ್ ಹಿಡಿಯುವವನು. ಗಂಡಸಿನ ಬಾಳಿನಲ್ಲಿ ಇದಕ್ಕಿಂತ ಹೀನ ಹುದ್ದೆ ಇಲ್ಲ: ಎಲ್ಲಿ ಹಿಡಿದರೂ ಅದು ತಪ್ಪು ಜಾಗ. "ಇಲ್ಲಲ್ಲ ಭಾವ, ಆ ಕಡೆ... ಅಯ್ಯೋ, ನನ್ನ ಕಣ್ಣಿಗೆ ಬಿಡ್ಬೇಡಿ." ಹಳೆಯ ಡಬ್ಬಿ ಹತ್ತೇ ನಿಮಿಷದಲ್ಲಿ ಕಳಚಿತು. ಹೊಸದರ ಕ್ಲಾಂಪು ಬಿಗಿಯುವಾಗ ಹತ್ತು ಎಂಎಂ ಸಾಕೆಟ್ ಕೈಜಾರಿ ಎಂಜಿನ್ನಿನ ಸಂದಿಗೆ ಬಿತ್ತು. ಟಣ್ ಅಂತು, ಟಣ್ ಟಣ್ ಅಂತು, ಆಮೇಲೆ ಮೌನ. ಕೆಳಗೆ ಬೀಳಲೇ ಇಲ್ಲ. ಮ್ಯಾಗ್ನೆಟ್ ಬಂತು, ಹ್ಯಾಂಗರ್ ತಂತಿ ಬಂತು, ನಾದಿನಿಯ ಚಪಾತಿ ಇಕ್ಕಳವೂ ಬಂತು. ನಾಲ್ಕನೆಯ ಗಂಟೆಯ ಹೊತ್ತಿಗೆ ನನ್ನ ಅಂಗಿ ಹಿಂಡಿದರೆ ಒಂದು ಚೊಂಬು ತುಂಬುತ್ತಿತ್ತು. ಆ ಸಾಕೆಟ್ ಇಂದಿಗೂ ಆ ಟ್ರಕ್ಕಿನ ಗರ್ಭದಲ್ಲಿ ಎಲ್ಲೋ ಇದೆ.

ನಾದಿನಿ ಮಜ್ಜಿಗೆ ತಂದವಳು ಬಾನೆಟ್ಟಿನೊಳಗೆ ಇಣುಕಿ ಹೇಳಿದಳು: "ಮನೇಲಿ ಏಸಿ 78ಕ್ಕಿಂತ ಕೆಳಗಿಳಿಸಿದ್ರೆ ಕರೆಂಟ್ ಬಿಲ್ ತೋರಿಸ್ತಾರೆ, ಭಾವ. ಇದಕ್ಕೆ ನೋಡಿ, ನಾನೂರು ಡಾಲರ್ ತಣ್ಣನೆ ಗಾಳಿ." ಷಡ್ಡಕನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸದಂತೆ ಇದ್ದುಬಿಡುವ, ಗಂಡಂದಿರ ಹಳೆಯ ಉಪಾಯ ಬಳಸಿದ.

ಆಮೇಲೆ ಪ್ರಾಯೋಗಿಕ ಸವಾರಿ. ಪೆಡಲ್ ಒತ್ತಿದ. "ಗೊತ್ತಾಯ್ತಾ?" ಏನು ಅಂದೆ. "ಎಳೆತ!" ಅಮೆರಿಕದ ಟ್ರಕ್ ಮಂದಿ ಇದನ್ನು ಬಟ್ ಡೈನೋ ಅನ್ನುತ್ತಾರೆ, ಮರ್ಯಾದೆಯಾಗಿ ಪೃಷ್ಠಮಾಪನ ಎನ್ನೋಣ. ಖರ್ಚು ಮಾಡಿದವನ ಪೃಷ್ಠಕ್ಕೆ ಮಾತ್ರ ತಿಳಿಯುವ ಶಕ್ತಿ ಅದು. ನನ್ನದಕ್ಕೆ ಸೀಟು ಬಿಸಿಯಾಗಿದೆ ಎಂಬುದೊಂದೇ ತಿಳಿಯಿತು.

ಆದರೆ ಸದ್ದು! ಅದನ್ನು ಒಪ್ಪಬೇಕು. ಕಂಪನಿಯ ಕೊಳವೆಗೆ ಪಕ್ಕದಲ್ಲಿ ಜೋಡಿಸಿರುವ ಟೊಳ್ಳು ಡಬ್ಬಿಗಳ ಕೆಲಸವೇ ಎಂಜಿನ್ ಉಸಿರೆಳೆಯುವ ಸದ್ದನ್ನು ನುಂಗುವುದು. ಅವು ಹೋದ ಮೇಲೆ ಪೆಡಲ್ ಒತ್ತಿದಾಗಲೆಲ್ಲ ಗಾಡಿ ಗೂಳಿಯ ಹಾಗೆ ಹೂಂಕರಿಸುತ್ತಿತ್ತು. ಸದ್ದು ಜೋರಾದಾಗ ವೇಗವೂ ಜೋರಾದಂತೆ ಮನಸ್ಸು ನಂಬುತ್ತದೆ. ಯೆಜ್ಡಿ ಬೈಕಿನ ಸೈಲೆನ್ಸರಿನ ಒಳಭಾಗ ಕಿತ್ತುಹಾಕಿ ಮೈಸೂರಿನ ಬೀದಿಗಳಲ್ಲಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಪೃಷ್ಠವನ್ನು ನಂಬಿಸಲು ಅವನು ಡೈನೋಗೇ ಕರೆದೊಯ್ದ. ಟ್ರಕ್ಕಿನ ಹಿಂದಿನ ಚಕ್ರಗಳನ್ನು ಉರುಳೆಯ ಮೇಲೆ ನಿಲ್ಲಿಸಿ ಬಲ ಅಳೆಯುವ ಅಂಗಡಿ. ಬಾನೆಟ್ ತೆರೆದಿಟ್ಟು ಎದುರಿಗೆ ಮದುವೆಮನೆಯ ಫ್ಯಾನಿನಂಥದ್ದೊಂದನ್ನು ಇಟ್ಟರು. ರಸ್ತೆಯಲ್ಲಿ ಯಾರು ಹೀಗೆ ಓಡಿಸುತ್ತಾರೆ ಎಂದು ನಾನು ಕೇಳಬಾರದಿತ್ತು. ಮೂರು ಸಲ ಓಡಿಸಿದರು: 322, 327, 320. ಅದೇ ಟ್ರಕ್ಕು, ಅದೇ ಅರ್ಧ ಗಂಟೆ. ಒಂದು ಓಟಕ್ಕೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸವೇ ಏಳು ಕುದುರೆ. ಹಳೆಯ ಡಬ್ಬಿ ಇದ್ದಾಗ ಎಷ್ಟಿತ್ತು ಎಂದು ಅಂಗಡಿಯವನು ಕೇಳಿದ. ಷಡ್ಡಕ ನನ್ನ ಮುಖ ನೋಡಿದ. ಅಳೆಸಿರಲಿಲ್ಲ. 327ರ ಚೀಟಿಯೊಂದನ್ನೇ ಮಡಿಸಿ ಜೇಬಿಗಿಟ್ಟುಕೊಂಡ. ಅದು ಈಗ ಅವನ ಫ್ರಿಜ್ಜಿನ ಮೇಲಿದೆ, ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ಟಿನ ಅಡಿಯಲ್ಲಿ.

ಮೈಲೇಜ್ ಹೆಚ್ಚಿದೆ ಎಂದೂ ವಾದಿಸುತ್ತಾನೆ. ದಿನನಿತ್ಯದ ಓಡಾಟದಲ್ಲಿ ನಾವು ಪೆಡಲನ್ನು ಕಾಲುಭಾಗ ಒತ್ತಿರುತ್ತೇವೆ. ಆಗ ಎಂಜಿನ್ನಿನ ಗಂಟಲನ್ನು ಥ್ರಾಟಲ್ ಮುಚ್ಚಳವೇ ಅಮುಕಿ ಹಿಡಿದಿರುತ್ತದೆ. ಗಂಟಲು ಕಟ್ಟಿರುವಾಗ ಮೂಗು ಅಗಲವಾದರೆ ಏನು ಬಂತು? ಟೆನೆಸ್ಸಿಯ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಆಧುನಿಕ ಪೆಟ್ರೋಲ್ ಗಾಡಿಗಳಿಗೆ ಕಟ್ಟಿಹೋದ ಫಿಲ್ಟರನ್ನೇ ಹಾಕಿ ನೋಡಿದರು: ವೇಗ ಹಿಡಿಯುವುದು ತಡವಾಯಿತೇ ಹೊರತು ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ಇಳಿತ ಕಾಣಲಿಲ್ಲ. ಮೂಗು ಕಟ್ಟಿದಾಗಲೇ ಕಳೆಯದ್ದು, ಅರಳಿಸಿದರೆ ಗಳಿಸೀತೇ? ಎಂಜಿನ್ನಿನ ಕಂಪ್ಯೂಟರಿಗೂ ಹೊಸ ಪಾಠ ಹೇಳಿಸಿ, ಟರ್ಬೊ ಒತ್ತಡ ಏರಿಸಿ, ದೊಡ್ಡ ಟ್ರೈಲರ್ ಎಳೆಯುವವರಿಗೆ ದೊಡ್ಡ ಕೊಳವೆ ಬೇಕಾದೀತು. ಕರಿಬೇವಿಗೆ ಬೇಡ.

ಅವನ ಇನ್ನುಳಿದ ಪಾಂಡಿತ್ಯವನ್ನೂ ಹೇಳಿ ಮುಗಿಸಿಬಿಡುತ್ತೇನೆ. ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ವಾರಂಟಿ ರದ್ದಾಗದು, ಕೆಟ್ಟದ್ದು ಆ ಭಾಗದಿಂದಲೇ ಎಂದು ಕಂಪನಿಯವರು ತೋರಿಸಬೇಕು ಎಂಬ 1975ರ ಮ್ಯಾಗ್ನುಸನ್-ಮಾಸ್ ಕಾನೂನು ಅವನಿಗೆ ಬಾಯಿಪಾಠ. ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದಕ್ಕೆ ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಬೇಕೆಂಬುದನ್ನು, ಅಲ್ಲಿರುವ ನಮ್ಮ ನೆಂಟರ ದೌರ್ಭಾಗ್ಯವೆಂಬ ಧಾಟಿಯಲ್ಲಿ ಹೇಳುತ್ತಾನೆ.

ಆರು ತಿಂಗಳಿಗೆ ಫಿಲ್ಟರ್ ತೊಳೆದು ಎಣ್ಣೆ ಹಚ್ಚಿದ. ಆ ಹತ್ತಿಗೆ ಧೂಳು ಅಂಟಲು ತೆಳ್ಳಗೆ ಎಣ್ಣೆ ಬೇಕು. ಇವನು ಅಜ್ಜಿ ಮೊಮ್ಮಗನಿಗೆ ಹರಳೆಣ್ಣೆ ಮೆತ್ತಿದಂತೆ ಮೆತ್ತಿದ. ಒಳಬರುವ ಗಾಳಿಯನ್ನು ಅಳೆಯಲು ಕೊಳವೆಯಲ್ಲಿ ಕೂದಲಿನಂಥ ಬಿಸಿ ತಂತಿಯೊಂದಿರುತ್ತದೆ. ಗಾಳಿ ಅದನ್ನೆಷ್ಟು ತಣಿಸಿತು ಎಂಬುದರ ಮೇಲೆ ಕಂಪ್ಯೂಟರ್ ಪೆಟ್ರೋಲಿನ ಲೆಕ್ಕ ಹಾಕುತ್ತದೆ. ಎಣ್ಣೆ ಹಾರಿ ಅದಕ್ಕೆ ಹೊದಿಕೆಯಾಯಿತು, ಲೆಕ್ಕ ತಪ್ಪಿತು, ಚೆಕ್ ಎಂಜಿನ್ ದೀಪ ಹತ್ತಿತು. ಆ ದೀಪ ಉರಿಯುತ್ತಿದ್ದರೆ ಇಲ್ಲಿನ ವಾರ್ಷಿಕ ಹೊಗೆ ತಪಾಸಣೆಯಲ್ಲಿ ಗಾಡಿ ಪಾಸಾಗದು. ಇಡೀ ವಾರ ಅವನು ಮಂಕಾಗಿದ್ದ. ಕೊನೆಗೆ ಹತ್ತು ಡಾಲರಿನ ಸ್ಪ್ರೇ ತಂದು ತಂತಿ ತೊಳೆದೆವು. ಟಾರ್ಚ್ ಹಿಡಿದವನು ನಾನೇ.

ದೀಪ ಆರಿದ ಸಂಜೆ ಟ್ರಕ್ಕಿನ ಹಿಂಬಾಗಿಲು ಇಳಿಸಿ ಅದರ ಮೇಲೆ ಕೂತೆವು. ಕೇಳಿದೆ: ನಿಜ ಹೇಳು, ದುಡ್ಡಿಗೆ ತಕ್ಕದ್ದಾಯಿತೇ? ಸ್ವಲ್ಪ ಹೊತ್ತು ಸುಮ್ಮನಿದ್ದ. "ಯಾದವಗಿರೀಲಿ ಜಾವಾ ಫ್ಯಾಕ್ಟರಿ ಹತ್ರಾನೇ ನಮ್ಮನೆ ಇದ್ದದ್ದು ಭಾವ. ಕಾಲೇಜಿಂದ ಯೆಜ್ಡಿಲಿ ಬರ್ತಿದ್ದೆ. ಬೀದಿ ತುದೀಲಿ ಸದ್ದು ಕೇಳಿದ್ಮೇಲೇ ಅಮ್ಮ ಕಾವಲಿ ಒಲೆ ಮೇಲೆ ಇಡ್ತಿದ್ರು. ಇಲ್ಲಿ ಗ್ಯಾರೇಜ್ ಬಾಗಿಲು ತೆಗೆದು ಒಳಗೆ ಬಂದ್ರೂ ಯಾರಿಗೂ ಗೊತ್ತಾಗಲ್ಲ." ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಪ್ಲೇನೋದ ಬೀದಿಗಳಲ್ಲಿ ಹಾರ್ನ್ ಹೊಡೆದರೆ ಅಕ್ಕಪಕ್ಕದವರು ಪರದೆ ಸರಿಸಿ ನೋಡುತ್ತಾರೆ. ನನಗೆ ವಾದಿಸಲು ಏನೂ ಉಳಿಯಲಿಲ್ಲ. ಅದರಿಂದ ಸ್ವಲ್ಪ ಸಿಟ್ಟೂ ಬಂತು.

ನನ್ನದು ಹೈಬ್ರಿಡ್ ಕಾರು. ಗ್ಯಾಲನ್ನಿಗೆ ಐವತ್ತು ಮೈಲಿ ಕೊಡುತ್ತದೆ, ಈ ಸಂಗತಿಯನ್ನು ನಾನು ನಾಮಕರಣಗಳಲ್ಲೂ ಹೇಳಿದ್ದೇನಂತೆ. ಕಳೆದ ವಾರ ಆಫೀಸಿನಿಂದ ಬಂದು ಅಡುಗೆಮನೆಯಲ್ಲಿ ನಿಂತೆ. ಹೆಂಡತಿ ಬೆನ್ನು ಮಾಡಿ ಈರುಳ್ಳಿ ಹೆಚ್ಚುತ್ತಿದ್ದಳು. ಅಷ್ಟರಲ್ಲಿ ದೂರದ ತಿರುವಿನಲ್ಲಿ ಗೂಳಿ ಹೂಂಕರಿಸಿತು. ಅವಳು ಚಾಕು ಕೆಳಗಿಟ್ಟು, "ಬಂದ್ರು ಅನ್ಸುತ್ತೆ" ಎಂದು ಹಾಲು ಒಲೆಯ ಮೇಲಿಟ್ಟಳು. ತಿರುಗಿದವಳು ನನ್ನನ್ನು ಕಂಡು ಬೆಚ್ಚಿಬಿದ್ದಳು. "ಅಯ್ಯೋ, ನೀವ್ ಯಾವಾಗ ಬಂದ್ರಿ?"

ಕಾಫಿ ಕುಡಿಯುತ್ತ, ಹೆಂಗಸರಿಗೆ ಕೇಳಿಸದಂತೆ, ನನ್ನ ಕಾರಿಗೂ ಅಂಥ ಕೊಳವೆ ಸಿಗುತ್ತದೆಯೇ ಎಂದು ಷಡ್ಡಕನನ್ನು ವಿಚಾರಿಸಿದೆ. ಅವನು ಗಂಭೀರವಾಗಿ ಯೋಚಿಸಿ ತಲೆಯಾಡಿಸಿದ.

"ನಿಮ್ಮ ಗಾಡಿಗೆ ಅದರಿಂದ ಏನೂ ಆಗಲ್ಲ ಭಾವ. ಬರುವಾಗ ಫೋನ್ ಮಾಡ್ಕೊಂಡು ಬನ್ನಿ."