ಪಂಚ್ ಹೊಡೆಸಿದವನೇ ಪುಣ್ಯವಂತ

ಹಳೆಯ ಬೈಕು ಅಂದರೆ ನಮ್ಮ ದೊಡ್ಡವರಿಗೆಲ್ಲ ಪ್ರಾಣ. ಭಾಷಣದಲ್ಲಿ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿತು. 1996ರಲ್ಲಿ ಬಾಗಿಲು ಹಾಕಿತು. ಬದುಕಿದ್ದಾಗ ಉಳಿಸಿಕೊಳ್ಳಲಾಗದ್ದಕ್ಕೆ ಈಗ ಹಬ್ಬ ಮಾಡುತ್ತಿದ್ದೇವೆ. ವಿಂಟೇಜ್ ರ‍್ಯಾಲಿಗೆ ಬಂದ ಗಣ್ಯರು ಬಾವುಟ ಬೀಸುತ್ತಾರೆ. ಜೋಡಿ ಸೈಲೆನ್ಸರಿನ ಹೊಗೆಗೆ ಕೆಮ್ಮುತ್ತಲೇ ‘ನಮ್ಮ ಪರಂಪರೆ’ ಎನ್ನುತ್ತಾರೆ.

ಆ ಪರಂಪರೆಯನ್ನು ಒಮ್ಮೆ ನೋಂದಣಿಗೆಂದು ಆರ್‌ಟಿಒ ಕಚೇರಿಗೆ ತಳ್ಳಿಕೊಂಡು ಹೋಗಿ ನೋಡಿ.

ನನ್ನದು 1972ರ ಜಾವಾ. ಅಂದರೆ ಫ್ರೇಮು 1972ರದು. ಮಂಡ್ಯದ ಕಡೆ ಒಂದು ಕೊಟ್ಟಿಗೆಯಲ್ಲಿ ಅದರ ಮೇಲೆ ಕೋಳಿ ಕೂರುತ್ತಿದ್ದವು. ಎಂಜಿನ್ ಇನ್ನೊಂದು ಜಾವಾದ್ದು. ಟ್ಯಾಂಕು ಶಿವಾಜಿನಗರದ ಗುಜರಿಯದು. ಮಡ್‌ಗಾರ್ಡು ಮೆಕ್ಯಾನಿಕ್ಕಿನ ಅಟ್ಟದಲ್ಲಿ ಸಿಕ್ಕಿದ್ದು. ಎಲ್ಲವೂ ಅದೇ ಕಾರ್ಖಾನೆಯವು, ಅದೇ ಕಾಲದವು. ನಕಲಿ ಒಂದೂ ಇಲ್ಲ. ಇದನ್ನೆಲ್ಲ ಕೌಂಟರಿನಲ್ಲಿ ಇದ್ದದ್ದು ಇದ್ದಹಾಗೆ ಹೇಳಿದೆ.

“ಆರ್‌ಸಿ ಬುಕ್ಕಲ್ಲಿ ಎಂಜಿನ್ ನಂಬರ್ ಬೇರೆ ಇದೆಯಲ್ರೀ?”

“ಹೌದು ಸಾರ್, ಎಂಜಿನ್ ಬೇರೆ ಗಾಡಿದು. ಅದರ ಖರೀದಿ ಚೀಟಿ ಇದೆ.”

“ಹಾಗಾದ್ರೆ ಇದು ಒರಿಜಿನಲ್ ಅಲ್ಲ.”

ಪೆನ್ಸಿಲ್ ಉಜ್ಜಿ ನಂಬರ್ ತೆಗೆದಿದ್ದ ಕಾಗದ ನನ್ನ ಕಡೆಗೇ ವಾಪಸು ಬಂತು. ಅಂದಹಾಗೆ, ಈ ಗಾಡಿಯ ದಾಖಲೆ ಅವರ ಕಂಪ್ಯೂಟರಿನಲ್ಲಿಲ್ಲ. ಹಳೆಯ ರಿಜಿಸ್ಟರ್ ಎಲ್ಲಿದೆಯೆಂದು ಅವರಿಗೂ ಗೊತ್ತಿಲ್ಲ. ತಮ್ಮ ಪುಸ್ತಕ ಕಳೆದುಕೊಂಡವರು ನನ್ನ ಎಂಜಿನ್ನಿನ ಜಾತಕ ಕೇಳುತ್ತಾರೆ.

ಹೊರಗೆ ಜೆರಾಕ್ಸ್ ಅಂಗಡಿ ಮುಂದೆ ಏಜೆಂಟ್ ನಿಂತಿದ್ದ. ನನ್ನ ಕಥೆ ಕೇಳಿ ನಿಜವಾಗಿಯೂ ಮರುಗಿದ. “ಅಲ್ಲಾ ಸಾರ್, ಬೇರೆ ಎಂಜಿನ್ ಅಂತ ಯಾಕ್ ಹೇಳಕ್ಕೋದ್ರಿ? ನಂಬರ್ ಉಜ್ಜಿಸಿ, ಆರ್‌ಸಿಲಿರೋ ನಂಬರ್ ಪಂಚ್ ಹೊಡ್ಸಿದ್ರೆ ಮುಗೀತಿತ್ತಲ್ಲ.”

ಇದೇ ವ್ಯವಸ್ಥೆಯ ಒಟ್ಟು ಸಾರ. ಎಂಜಿನ್ ಬದಲಾಗಿದೆ ಎಂದು ಬರೆದುಕೊಟ್ಟವನು ಅನುಮಾನಾಸ್ಪದ. ಅಳಿಸಿ ಸುಳ್ಳು ಕೆತ್ತಿಸಿದವನ ಗಾಡಿ ಅಪ್ಪಟ ಅಸಲಿ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿಗೆ, ಬಾಡಿಗೆ, ಎಂಜಿನ್ನಿಗೆ ದೊಡ್ಡ ಬದಲಾವಣೆ ಆಗಿರಬಾರದು. ಐವತ್ತು ವರ್ಷ ನಮ್ಮ ರಸ್ತೆಯಲ್ಲಿ ಓಡಿದ ಟೂ ಸ್ಟ್ರೋಕ್ ಗಾಡಿಗೆ ಈ ಮಾತು! ಬೋರ್ ಮಾಡಿಸದೆ, ಓವರ್‌ಸೈಜ್ ಪಿಸ್ಟನ್ ಹಾಕಿಸದೆ, ಕ್ರ್ಯಾಂಕ್ ಬಿಚ್ಚಿಸದೆ ಅದು ಐವತ್ತು ಮುಟ್ಟುವುದಾದರೂ ಹೇಗೆ? ಕಾರ್ಖಾನೆಯೇ ಇಲ್ಲದ ಮೇಲೆ ಒಂದು ಜಾವಾಕ್ಕೆ ಅಸಲಿ ಕ್ರ್ಯಾಂಕ್‌ಕೇಸ್ ಸಿಗುವುದು ಇನ್ನೊಂದು ಸತ್ತ ಜಾವಾದಿಂದಲೇ. ನಿಯಮ ಬರೆದವರು ಬೈಕನ್ನು ಗಾಜಿನ ಪೆಟ್ಟಿಗೆಯಲ್ಲಷ್ಟೇ ನೋಡಿರಬೇಕು.

ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹತ್ತು ವರ್ಷ ಚಾಲ್ತಿ. ಇಷ್ಟು ಕೊಟ್ಟು ಎಲ್ಲಿಗೆ ಹೋಗಬಹುದು? ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಬಂಕಿಗೆ, ರಿಪೇರಿಗೆ. ದಿನಾ ಮಾರ್ಕೆಟ್ಟಿಗೆ ಹೋಗುವಂತಿಲ್ಲ. ರಿಪೇರಿಗೆ ಹೋಗಬಹುದು, ಆದರೆ ಹೆಚ್ಚು ರಿಪೇರಿ ಆಗಿರಬಾರದು.

ಇನ್ನು ಲೆಕ್ಕ ನೋಡಿ. ಹದಿನೈದು ವರ್ಷ ದಾಟಿತೆಂದರೆ ಗಾಡಿ ಪರಿಸರದ ಶತ್ರು. ಬೈಕಿನ ನೋಂದಣಿ ನವೀಕರಣ ಶುಲ್ಕವನ್ನು 2022ರಲ್ಲಿ 300ರಿಂದ 1,000ಕ್ಕೆ ಏರಿಸಿದರು, ಗುಜರಿಗೆ ಹಾಕಲಿ ಎಂದೇ. ಐವತ್ತಾದರೆ ಅದೇ ಗಾಡಿ ರಾಷ್ಟ್ರದ ಆಸ್ತಿ. ನಡುವಿನ 35 ವರ್ಷ ಅದು ಎಲ್ಲಿ ತಲೆಮರೆಸಿಕೊಂಡಿರಬೇಕು? ಯಾದವಗಿರಿಯಿಂದಲೇ 1978ರಲ್ಲಿ ಬಂದ ಯಜ್ಡಿ ರೋಡ್‌ಕಿಂಗ್‌ಗೆ 2028ರವರೆಗೆ ಈ ಗೌರವವಿಲ್ಲ. ಅಲ್ಲಿಯವರೆಗೆ ಅದು ಬರೀ ಶತ್ರು.

ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಬೈಕು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಅದು ಫೋರ್ ಸ್ಟ್ರೋಕ್. ಯಾದವಗಿರಿಯ ಒಂದು ನಟ್ಟೂ ಅದರಲ್ಲಿಲ್ಲ. ದುಡ್ಡು ಕಟ್ಟಿದರೆ ಷೋರೂಮಿನವರೇ ಜಾವಾ ಎಂದು ನೋಂದಣಿ ಮಾಡಿಸಿಕೊಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಯಾದವಗಿರಿಯಲ್ಲೇ ಹುಟ್ಟಿದ ಭಾಗಗಳನ್ನು ಒಟ್ಟುಮಾಡಿದ ನನ್ನ ಬೈಕಿಗೆ ಮಾತ್ರ ಜಾವಾ ಎನ್ನಿಸಿಕೊಳ್ಳುವ ಯೋಗ್ಯತೆ ಇಲ್ಲ.

ಸಾರಿಗೆ ನಿಗಮ ತನ್ನ ವರ್ಕ್‌ಷಾಪಿನಲ್ಲಿ ಹಳೆಯ ಬಸ್ಸಿನ ತಗಡು ಕಿತ್ತು ಹೊಸ ಮೈ ಕೂರಿಸಿದರೆ ಅದು ಸಾಧನೆ. ಫೋಟೊ ಬರುತ್ತದೆ, ಶಹಭಾಸ್ ಸಿಗುತ್ತದೆ. ಒಳ್ಳೆಯ ಕೆಲಸವೇ, ನಾನೂ ಶಹಭಾಸ್ ಅಂದಿದ್ದೇನೆ. ನಾನು ಮಡ್‌ಗಾರ್ಡು ಬದಲಿಸಿದರೆ ಮಾತ್ರ ಕಾನೂನಿಗೆ ಜ್ವರ ಬರುತ್ತದೆ.

ಕಳ್ಳ ಗಾಡಿಗಳ ಹಾವಳಿ ಸ್ವಾಮಿ, ಅದಕ್ಕೇ ಈ ಬಿಗಿ ಎನ್ನುತ್ತಾರೆ. ಸರಿ. ಆದರೆ ಕಳ್ಳ ಬಂದು “ಎಂಜಿನ್ ಬೇರೆಯದು” ಎಂದು ಕೌಂಟರಿನಲ್ಲಿ ಹೇಳುತ್ತಾನೆಯೇ? ಅವನ ಕಾಗದದಲ್ಲಿ ಒಂದಕ್ಷರ ಆಚೀಚೆ ಇರುವುದಿಲ್ಲ. ನಂಬರ್ ಪಂಚ್ ಮಾಡುವವನಿಗೆ ಮೊದಲ ಗಿರಾಕಿಯೇ ಅವನು. ಎರಡನೆಯ ಗಿರಾಕಿಯನ್ನಾಗಿ ನಮ್ಮನ್ನು ಕಳಿಸುತ್ತಿರುವುದು ಈ ನಿಯಮ.

ಬ್ರಿಟನ್ನಿನಲ್ಲಿ ಹೀಗೆ ಹಲವು ಗಾಡಿಗಳ ಹಳೆಯ ಅಸಲಿ ಭಾಗ ಸೇರಿಸಿ ಕಟ್ಟಿದ ವಾಹನಕ್ಕೆಂದೇ ಒಂದು ವರ್ಗವಿದೆ. ಭಾಗಗಳು 25 ವರ್ಷ ದಾಟಿರಬೇಕು, ಮೂಲ ಮಾದರಿಗೆ ಹೊಂದಬೇಕು. ಆ ಗಾಡಿಗಳ ಕ್ಲಬ್ಬಿನವರು ನೋಡಿ ವರದಿ ಬರೆದುಕೊಡುತ್ತಾರೆ. ಅದರಿಂದ ಅಲ್ಲಿನ ಆಕಾಶವೇನೂ ಕಳಚಿಬಿದ್ದಿಲ್ಲ.

ನಮ್ಮ ನಮೂನೆಯಲ್ಲೂ ಒಂದು ಸಾಲು ಸೇರಿಸಿ: ‘ಯಾವ ಭಾಗ ಯಾವ ಗಾಡಿಯದು?’ ಪೊಲೀಸ್ ದಾಖಲೆಯಲ್ಲಿ ಎರಡೂ ನಂಬರ್ ತಾಳೆ ನೋಡಿ. ಅದಕ್ಕೂ ಶುಲ್ಕ ಬೇಕಿದ್ದರೆ ಹಾಕಿ, ಕಟ್ಟುತ್ತೇವೆ. ರಸೀದಿ ಕೊಡಿ, ಸಾಕು.